ರೇವವ್ವ ಅತ್ತದ್ದನ್ನು ಬರೆಯದೆ ಬರೆಯುವುದು ಹೇಗೆ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಹೆಣದಿಂದ ಶುರು ಮಾಡಿದರೆ ಬೆಳಗಿನ ಚಹಾದ ಜೊತೆ ಓದುವವರು ಪುಟ ಮಗುಚಿಬಿಡುತ್ತಾರೆ. ಫೋನಿನಿಂದ ಶುರು ಮಾಡಿದರೆ ಯಾವುದೋ ಕಂಪನಿಯ ಜಾಹೀರಾತು ಅಂದುಕೊಳ್ಳುತ್ತಾರೆ. ರೇವವ್ವನಿಂದ ಶುರು ಮಾಡೋಣವೆಂದರೆ ಅವಳು ಒಪ್ಪುತ್ತಿಲ್ಲ.

ನಿಜ ಹೇಳಬೇಕೆಂದರೆ ನಾನು ಕಥೆ ಬರೆಯಲು ಕೂತವನೇ ಅಲ್ಲ. ಒಂದು ಸ್ಮರಣ ಸಂಚಿಕೆಯ ಸಂಪಾದಕರು ಫೋನ್ ಮಾಡಿ, 'ಮೊಬೈಲ್ ಫೋನಿನ ಸುರಕ್ಷಿತ ಹಾಗೂ ಜವಾಬ್ದಾರಿಯುತ ಬಳಕೆ' ಎಂಬ ವಿಷಯದ ಮೇಲೆ ಲೇಖನ ಬೇಕು, ಹಳ್ಳಿಯ ಓದುಗರಿಗೆ ತಿಳಿಯುವಂತಿರಲಿ ಎಂದಿದ್ದರು. ಹೂಂ ಅಂದೆ. (ಫೋನಿನಲ್ಲಿ ಹೂಂ ಅನ್ನುವುದು ಸುಲಭ. ಎದುರಿನವರ ಮುಖ ನೋಡಬೇಕಾಗಿಲ್ಲ.) ಹೂಂ ಅಂದ ತಪ್ಪಿಗೆ ಕೂತು ಬರೆದೆ: ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಚಾರ್ಜಿಗೆ ಹಾಕಿದ ಫೋನನ್ನು ಕಿವಿಗೆ ಹಚ್ಚಬೇಡಿ. ಟ್ರ್ಯಾಕ್ಟರ್ ಹೊಡೆಯುವಾಗ ರೀಲ್ಸ್ ನೋಡಬೇಡಿ. ಲೇಖನ ಅಗದಿ ಚಂದ ಸಾಗಿತ್ತು. ಆಮೇಲೆ 'ಕೇಳದೆ ಯಾರ ವಿಡಿಯೋವನ್ನೂ ಮಾಡಬೇಡಿ' ಎಂದು ಬರೆದೆ ನೋಡಿ, ಅಲ್ಲಿಗೆ ಕೆಟ್ಟಿತು. ಆ ಸಾಲಿನ ಬಾಗಿಲು ತಳ್ಳಿಕೊಂಡು ಗುಡಗೇರಿಯ ರೇವವ್ವ ಒಳಗೆ ಬಂದು ಕೂತಳು. ಎದ್ದು ಹೋಗು ಅನ್ನಲು ನನಗೆ ಬಾಯಿ ಬರಲಿಲ್ಲ.

೨

ರೇವವ್ವ ಅಂದರೆ ಊರಿಗೆಲ್ಲ ಗೊತ್ತು, ಹಾಡಿಕೊಂಡು ಅಳುವವಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ. ಸತ್ತವನನ್ನೇ ಮಾತಾಡಿಸುತ್ತ, ಬೈಯುತ್ತ, ಹೊಗಳುತ್ತ, ಲೆಕ್ಕ ಕೇಳುತ್ತ, ಒಂದು ಧಾಟಿಯಲ್ಲಿ ಹಾಡಿಕೊಂಡು ಅಳುತ್ತಾರೆ. ಅದರಲ್ಲಿ ರೇವವ್ವನನ್ನು ಸರಿಗಟ್ಟುವವರಿರಲಿಲ್ಲ. ಅವಳ ಅಳುವಿಲ್ಲದೆ ಗುಡಗೇರಿಯಲ್ಲಿ ಯಾವ ಹೆಣವೂ ಎದ್ದದ್ದಿಲ್ಲ. ಅವಳು ಬರುವುದು ತಡವಾದರೆ ಸತ್ತವನಿಗೇ ಅನುಮಾನ ಬರುತ್ತಿತ್ತು, ತಾನು ಸತ್ತದ್ದು ಖರೇನೋ ಸುಳ್ಳೋ ಎಂದು.

ಈ ಅಳುವಿಗೊಂದು ಕಟ್ಟಳೆಯಿದೆ. ಇದು ತಿಳಿಯದಿದ್ದರೆ ಕಥೆ ತಿಳಿಯುವುದಿಲ್ಲ, ಆದ್ದರಿಂದ ಸ್ವಲ್ಪ ಗಮನ ಕೊಡಿ. (ನೋಟಿಫಿಕೇಶನ್ ಬಂತೇ? ನೋಡಿಕೊಂಡು ಬನ್ನಿ, ಕಾಯುತ್ತೇನೆ.) ಹೆಣದ ಮುಂದೆ ಆಡಿದ ಮಾತು ಹೆಣದ ಜೊತೆಗೇ ಮಣ್ಣಾಗಬೇಕು. ಅಳುವಾಗ ಹೆಂಗಸು ಏನು ಬೇಕಾದರೂ ಹೇಳಬಹುದು: ಅತ್ತೆ ಕಾಡಿದ್ದು, ಗಂಡ ಹೊಡೆದದ್ದು, ಮೈದುನ ಹೊಲದ ಬದು ಒತ್ತಿದ್ದು. ಬಾಜೂಕ್ಕೆ ಕೂತ ಅದೇ ಅತ್ತೆ, ಅದೇ ಮೈದುನ ತಲೆ ತಗ್ಗಿಸಿ ಕೇಳುತ್ತಾರೆ. ಮಣ್ಣು ಕೊಟ್ಟು ಬಂದು ಕೈಕಾಲು ತೊಳೆದ ಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಎತ್ತಿದವರನ್ನು ಊರು ಮನುಷ್ಯರೆಂದು ಎಣಿಸುವುದಿಲ್ಲ. ಇಡೀ ವರ್ಷ ಬಾಯಿ ಮುಚ್ಚಿಕೊಂಡಿರುವ ಹೆಂಗಸರಿಗೆ ಊರು ಕೊಟ್ಟ ರಜೆ ಅದು. ಆದರೆ ಅದಕ್ಕೆ ಯಾರಾದರೂ ಸಾಯಬೇಕು.

ರೇವವ್ವನ ಗಂಡ ಹೊಳೆಪ್ಪ ತೀರಿಕೊಂಡ ದಿನ ಅವನನ್ನು ಗೋಡೆಗೆ ಆನಿಸಿ ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ರೇವವ್ವ ಅವನ ಮುಂದೆ ಕೂತು ಹಾಡಿಕೊಂಡು ಅತ್ತಳು. ಅವಳ ಬೆನ್ನಿಗೆ ಮಾದೇವಿ ಕೂತಿದ್ದಳು, ಹೆಗಲು ಹಿಡಿದುಕೊಂಡು. ಮಾದೇವಿ ಹಳ್ಳದ ಆಚೆಯ ಓಣಿಯವಳು. ಸುಗ್ಗಿಯಲ್ಲಿ ಇಬ್ಬರೂ ರೇವವ್ವನ ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತ ಅರ್ಧ ಆಯುಷ್ಯ ಕಳೆದವರು. ಹಾಡಿನ ನಡುವೆ ರೇವವ್ವ ಮಾದೇವಿಯ ಹೆಸರು ಹಿಡಿದು ಹೊಳೆಪ್ಪನಿಗೆ ಒಂದು ಮಾತು ಹೇಳಿದಳು. ಮಾದೇವಿ ಕೇಳಿದಳು. ಹೆಗಲ ಮೇಲಿನ ಕೈ ತೆಗೆಯಲಿಲ್ಲ. ದಿನಕರ್ಮ ಮುಗಿದ ಮೇಲೆ ಎಂದಿನಂತೆ ಬಂದು ಮೆಣಸಿನಕಾಯಿಯ ಮುಂದೆ ಕೂತಳು. ಆ ಮಾತು ಮಣ್ಣಾಗಿತ್ತು.

ಆಗಿರಲಿಲ್ಲ. ಸುಭಾಸನ ಫೋನಿನಲ್ಲಿತ್ತು.

೩

ಈ ಭಾಗಕ್ಕೆ ಒಬ್ಬ ಖಳನಾಯಕ ಬೇಕೆಂದು ಬಹಳ ಹುಡುಕಿದೆ. ಖಳನಾಯಕನಿದ್ದರೆ ಕಥೆ ಬೇಗ ಮುಗಿಯುತ್ತದೆ, ಓದುಗರೂ ಅವನನ್ನು ಬೈದು ಸಮಾಧಾನದಿಂದ ಮಲಗುತ್ತಾರೆ. ಸಿಗಲಿಲ್ಲ.

ಸುಭಾಸ ಹೊಳೆಪ್ಪನ ತಮ್ಮನ ಮಗ. ಅವನು ವಿಡಿಯೋ ಮಾಡಿದ್ದು ಶಾಂಭವಿಗಾಗಿ. ಶಾಂಭವಿ ರೇವವ್ವನ ಒಬ್ಬಳೇ ಮಗಳು, ಅಣ್ಣಿಗೇರಿಯಲ್ಲಿ ಗಂಡನ ಮನೆ. ಅಪ್ಪ ಸತ್ತ ದಿನ ಅವಳು ಹಸಿ ಬಾಣಂತಿ, ಕರೆತರುವ ಹಾಗಿರಲಿಲ್ಲ. ಅಪ್ಪನ ಮುಖವನ್ನಾದರೂ ತೋರಿಸು ಅಣ್ಣಾ ಎಂದು ಅತ್ತಳು. ಸುಭಾಸ ತೋರಿಸಿದ. ನಿನಗೆ ಮಾತ್ರ, ಯಾರಿಗೂ ಕಳಿಸಬೇಡ ಎಂದೂ ಬರೆದ. ಇದರಲ್ಲಿ ಅವನ ತಪ್ಪೇನು?

ಶಾಂಭವಿ ಯಾರಿಗೂ ಕಳಿಸಲಿಲ್ಲ. ಸ್ಟೇಟಸ್ ಹಾಕಿದಳು, ಅಷ್ಟೇ. ಬಾಣಂತಿ ಕೋಣೆಯಲ್ಲಿ ಒಬ್ಬಳೇ, ಕೂಸನ್ನು ಎದೆಗೆ ಹಚ್ಚಿಕೊಂಡು, ಹೆತ್ತವನಿಗಾಗಿ ಅಳುವಾಗ ಜೊತೆಗೆ ನಾಲ್ಕು ಮಂದಿ ಬೇಕು ಅನ್ನಿಸಿತು. ಇದರಲ್ಲಿ ಅವಳ ತಪ್ಪೇನು? ಸ್ಟೇಟಸ್ ನೋಡಿದ ನೆಗೆಣ್ಣಿ, ಎಂಥಾ ಕರುಳು ಹಿಂಡುವ ಅಳು ಎಂದು ಕೇಳಿ ತರಿಸಿಕೊಂಡು ತವರಿಗೆ ಕಳಿಸಿದಳು. ತವರಿನವರು ಬಂಧು ಬಳಗದ ಗ್ರೂಪಿಗೆ ಹಾಕಿದರು. ಗ್ರೂಪಿನ ಹಿರಿಯರೊಬ್ಬರು, ನಮ್ಮ ಜಾನಪದ ಉಳಿಯಬೇಕು ಎಂದು ಇನ್ನೊಂದು ಗ್ರೂಪಿಗೆ ದಾಟಿಸಿದರು. ಎಲ್ಲರದೂ ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸುಗಳ ಮೇಲೆ ಕಾಲಿಟ್ಟುಕೊಂಡು ರೇವವ್ವನ ಅಳು ಜಿಲ್ಲೆ ದಾಟಿತು. ಎಲ್ಲೋ ಒಬ್ಬ ಪುಣ್ಯಾತ್ಮ ಅದರಲ್ಲಿ ಮಾದೇವಿಯ ಹೆಸರಿರುವ ಸಾಲನ್ನಷ್ಟೇ ಕತ್ತರಿಸಿ, ಹಿಂದೆ ಡಿಜೆ ಬೀಟ್ ಹಾಕಿ, ನಗುವ ಮುಖಗಳನ್ನು ಅಂಟಿಸಿದ. ಅವನನ್ನೂ ಹುಡುಕಿ ಕೇಳಿದ್ದರೆ, ಮಂದಿ ನಗಲಿ ಅಂತ ಮಾಡೇನ್ರಿ ಅನ್ನುತ್ತಿದ್ದ.

(ಮೂಲ ಲೇಖನದಲ್ಲಿ ಇಲ್ಲೊಂದು ಸಲಹೆಯಿತ್ತು: 'ಫಾರ್ವರ್ಡ್ ಮಾಡುವ ಮುನ್ನ ಎರಡು ಸಲ ಯೋಚಿಸಿ.' ಅಳಿಸಿದ್ದೇನೆ. ಇವರೆಲ್ಲ ಎರಡು ಸಲ ಯೋಚಿಸಿದವರೇ.)

೩, ಓದುಗರ ಒತ್ತಾಯದ ಮೇರೆಗೆ

ನಿಮ್ಮ ಪ್ರಶ್ನೆ ಗೊತ್ತು. ಆ ಸಾಲು ಯಾವುದು? ರೇವವ್ವ ಮಾದೇವಿಯ ಬಗ್ಗೆ ಹೇಳಿದ್ದೇನು?

ಮೊದಲ ಕರಡಿನಲ್ಲಿ ಬರೆದಿದ್ದೆ. ಸುಳ್ಳೇಕೆ, ಧಾಟಿ ಸಮೇತ ಬರೆದಿದ್ದೆ, ಚಂದವೂ ಬಂದಿತ್ತು. ಬರೆದು ತಲೆ ಎತ್ತಿದರೆ ರೇವವ್ವ ಎದುರಿಗೆ ಕೂತು ನೋಡುತ್ತಿದ್ದಾಳೆ.

"ತಮ್ಮಾ, ಅದನ್ನ ಬರೀಬ್ಯಾಡ."

ನಾನು ತಿಳಿಸಿ ಹೇಳಿದೆ. ಇದು ವಿಡಿಯೋ ಅಲ್ಲ, ಸಾಹಿತ್ಯ. ಓದುವವರು ತಿಳಿದವರು, ಯಾರೂ ನಗುವುದಿಲ್ಲ, ಕಣ್ಣೀರು ಹಾಕುತ್ತಾರೆ. ನಿನಗಾದ ಅನ್ಯಾಯ ನಾಲ್ಕು ಮಂದಿಗೆ ತಿಳಿಯಬೇಕಾದರೆ ಆ ಸಾಲು ಇರಲೇಬೇಕು, ಅದಿಲ್ಲದೆ ಕಥೆ ನಿಲ್ಲುವುದಿಲ್ಲ ಅಂದೆ. ಅವಳು ಪೂರ್ತಿ ಕೇಳಿದಳು. ಸಾವಧಾನದಿಂದ ಸೆರಗು ಹೊದ್ದುಕೊಂಡಳು.

"ಸುಭಾಸನೂ ಹಿಂಗ ಅಂದಿದ್ನಪಾ. ಶಾಂಭವಿ ಕೇಳ್ತಾಳ ಅಂತ. ನೀ ಯಾರ ಹೆಸರು ಹೇಳ್ತಿ? ಓದೋರು ಕೇಳ್ತಾರ ಅಂತಿ. ಹೆಸರು ಬ್ಯಾರೆ, ಕೆಲಸ ಒಂದ."

ಸಾಲು ಅಳಿಸಿದೆ. ನಿಮ್ಮಲ್ಲಿ ಕೆಲವರಿಗೆ ಬೇಸರವಾಗಿರಬಹುದು. ಆ ಬೇಸರವನ್ನು ಹಾಗೇ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಂದು ಮಾತ್ರ ಹೇಳುತ್ತೇನೆ: ನೀವು ಅಂದುಕೊಂಡದ್ದು ಅಲ್ಲ. (ನೀವು ಏನು ಅಂದುಕೊಂಡಿರಿ ಎಂಬುದು ನನಗೆ ಗೊತ್ತು. ಆ ರೀಲಿನ ಕೆಳಗೆ ಎಲ್ಲರೂ ಅದನ್ನೇ ಬರೆದಿದ್ದರು.)

೪

ಮಾದೇವಿಯ ಮಗಳು ಮಲ್ಲಿಕಾ ಕುಂದಗೋಳದ ಶಾಲೆಯೊಂದರಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಒಂದು ಮುಂಜಾನೆ ಹಿಂದಿನ ಸೀಟಿನಿಂದ ಡಿಜೆ ಬೀಟು, ಅದರ ಮೇಲೆ ಯಾರೋ ಹೆಂಗಸಿನ ಅಳು, ಅಳುವಿನಲ್ಲಿ ತನ್ನ ತಾಯಿಯ ಹೆಸರು ಕೇಳಿಸಿತು. ಆ ದನಿ ಅವಳು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ದನಿ. ತಿರುಗಿ ನೋಡಿದಳು. ಗುರುತಿಲ್ಲದ ಗಂಡಸೊಬ್ಬ ಬಾಜೂದವನಿಗೆ ತೋರಿಸಿ ನಗುತ್ತಿದ್ದ, ಇನ್ನೊಮ್ಮೆ ಹಚ್ಚು ಎಂದು ಅವನು, ಇವನು ಇನ್ನೊಮ್ಮೆ ಹಚ್ಚಿದ. ಕೆಳಗಿನ ಕಾಮೆಂಟುಗಳನ್ನೂ ದೊಡ್ಡ ದನಿಯಲ್ಲಿ ಓದಿದ. ರೇವವ್ವನದು ಯಾವ ಓಣಿ, ಮಾದೇವಿಯದು ಯಾವ ಓಣಿ ಎಂಬುದನ್ನು ಆ ಗೆಳತಿಯರಿಬ್ಬರೂ ಮರೆತು ಎಷ್ಟೋ ವರ್ಷವಾಗಿತ್ತು. ಕಾಮೆಂಟು ಬರೆದವರು ಮರೆತಿರಲಿಲ್ಲ. ಮಲ್ಲಿಕಾ ಕುಂದಗೋಳ ಬರುವ ಮೊದಲೇ ಇಳಿದು, ಬಿಸಿಲಲ್ಲಿ ನಡೆದು ಶಾಲೆ ಮುಟ್ಟಿದಳು.

ಅವ್ವನಿಗೆ ಹೇಳಬಾರದು ಎಂದುಕೊಂಡು ಸಂಜೆ ಮನೆಗೆ ಬಂದರೆ ಅವ್ವನಿಗೆ ಗೊತ್ತಾಗಿತ್ತು. ಓಣಿಗೆಲ್ಲ ಗೊತ್ತಾಗಿತ್ತು. ಮಾದೇವಿ ಮರುದಿನ ರೇವವ್ವನ ಪಡಸಾಲೆಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ.

ರೇವವ್ವನಿಗೆ ಗೊತ್ತಾದದ್ದು ಸಂತೆಯಲ್ಲಿ. ಬೇರೆ ಊರಿನ ಹೆಂಗಸೊಬ್ಬಳು ಬದನೆಕಾಯಿ ಆರಿಸುವುದನ್ನು ಬಿಟ್ಟು ಓಡಿ ಬಂದು, ನೀವು ಅಳೋ ಅವ್ವ ಅಲ್ಲೇನ್ರಿ ಎಂದು ಕೇಳಿ, ಬಾಜೂಕ್ಕೆ ನಿಂತು ಸೆಲ್ಫಿ ಹೊಡೆದುಕೊಂಡಳು. ಒಂದೀಟು ಅತ್ತು ತೋರಿಸ್ರಿ ಅಂದಳು. ರೇವವ್ವನಿಗೆ ಮೊದಲು ತಿಳಿಯಲಿಲ್ಲ. ಆ ಹೆಂಗಸು ತನ್ನ ಫೋನಿನಲ್ಲಿ ತೋರಿಸಿದಳು. ಹೀಗೆ ರೇವವ್ವ ತನ್ನ ಗಂಡನಿಗಾಗಿ ತಾನೇ ಅತ್ತದ್ದನ್ನು, ಬೀಟ್ ಸಮೇತ, ಸಂತೆಯ ನಡುವೆ ನಿಂತು ಕೇಳಿದಳು. ಚೀಲದಲ್ಲಿ ಕಾಯಿಪಲ್ಯೆ ಎಷ್ಟು ಇತ್ತೋ ಅಷ್ಟರಲ್ಲೇ ಮನೆಗೆ ಬಂದಳು.

ಅಂದಿನಿಂದ ಅವಳು ಅಳುವುದನ್ನು ಬಿಟ್ಟಳು. ಊರಲ್ಲಿ ಯಾರಾದರೂ ಸತ್ತರೆ ಹೋಗುತ್ತಾಳೆ, ಬಾಯಿಗೆ ಸೆರಗು ಅಡ್ಡ ಹಿಡಿದು ಕೂಡುತ್ತಾಳೆ, ಎದ್ದು ಬರುತ್ತಾಳೆ. ಮನೆಯಲ್ಲಿ ಒಬ್ಬಳೇ ಮೆಣಸಿನಕಾಯಿ ಮುರಿಯುವಾಗ ಕಣ್ಣಲ್ಲಿ ನೀರು ಬರುತ್ತದೆ. ಖಾರ ಅನ್ನುತ್ತಾಳೆ. ಖಾರವೂ ಇರುತ್ತದೆ.

೫

ಸುಭಾಸನ ಪ್ರಾಯಶ್ಚಿತ್ತವನ್ನು ಬರೆಯದಿದ್ದರೆ ಅವನು ನನ್ನ ಮೇಲೆ ಸಿಟ್ಟಾಗುತ್ತಾನೆ. ಪಾಪ, ಎಲ್ಲರ ಫೋನಿನಿಂದಲೂ ವಿಡಿಯೋ ಅಳಿಸಬೇಕೆಂದು ಅವನು ಮನೆಮನೆಗೆ ಹೋದ. ಕೈ ಮುಗಿದ. ಯಾರೂ ಇಲ್ಲ ಅನ್ನಲಿಲ್ಲ, ಎಲ್ಲರೂ ಅಳಿಸಲು ಒಪ್ಪಿದರು. ಆದರೆ ಅಳಿಸುವ ಮೊದಲು ಕಡೀ ಸಲ ಅಂತ ಒಮ್ಮೆ ಹಚ್ಚಿ ನೋಡಿದರು, ಮನೆಯಲ್ಲಿ ನೋಡದವರು ಯಾರಾದರೂ ಇದ್ದರೆ ಅವರನ್ನೂ ಕರೆದು ತೋರಿಸಿದರು. ಗುಡದಪ್ಪ ಕಾಕಾ ಎಂಬ ಸಜ್ಜನರು ಅಂಥದೊಂದು ವಿಡಿಯೋ ಇದೆಯೆಂಬುದೇ ತಮಗೆ ಗೊತ್ತಿಲ್ಲ ಅಂದರು. "ನನಗ ಕಳಸಲೇ ತಮ್ಮಾ, ನೋಡಿ ಲಗೂನ ಡಿಲೀಟ್ ಮಾಡಿಬಿಡ್ತೇನಿ." ಸುಭಾಸ ಅಲ್ಲಿಗೇ ಕೈ ಮುಗಿಯುವುದನ್ನು ನಿಲ್ಲಿಸಿದ.

ಶಾಂಭವಿ ಅಣ್ಣಿಗೇರಿಯಿಂದ ದಿನಾ ಫೋನ್ ಮಾಡಿ ಅಳುತ್ತಾಳೆ. ರೇವವ್ವ ಬೈಯಲಿಲ್ಲ, ಅಳಬೇಡವ್ವಾ ಹಾಲು ಬತ್ತುತ್ತದೆ ಎಂದಷ್ಟೇ ಹೇಳಿದಳು.

೬ (ಕೈಬಿಟ್ಟ ಮುಕ್ತಾಯ)

ಊರಿನ ಶಾಲೆಯಲ್ಲಿ ಜಾಗೃತಿ ಕಾರ್ಯಕ್ರಮ. ವೇದಿಕೆಯ ಮೇಲೆ ಬ್ಯಾನರ್. ಅತಿಥಿಗಳು ಮೊಬೈಲ್ ವರವೂ ಹೌದು, ಶಾಪವೂ ಹೌದು ಎಂದು ಹೇಳಿ ಎರಡೂ ಕಡೆಯವರಿಂದ ಚಪ್ಪಾಳೆ ಗಿಟ್ಟಿಸುತ್ತಾರೆ. ರೇವವ್ವನಿಗೆ ಶಾಲು ಹೊದಿಸುತ್ತಾರೆ. ಎಲ್ಲರೂ ಎದ್ದು ನಿಂತು ವಿಡಿಯೋ ಮಾಡಿಕೊಳ್ಳುತ್ತಾರೆ.

ಸಂಪಾದಕರಿಗೆ ಇದು ಇಷ್ಟವಾಗುತ್ತಿತ್ತು. ರೇವವ್ವ ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಎದ್ದು ಬಂದಳು.

೬ (ಕೈಬಿಟ್ಟ ಇನ್ನೊಂದು ಮುಕ್ತಾಯ)

ಮಾದೇವಿ ಒಂದು ದಿನ ತಾನಾಗಿ ಬರುತ್ತಾಳೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಮೆಣಸಿನಕಾಯಿ ರಾಶಿಯ ಮೇಲೆ ಸಂಜೆಯ ಬಿಸಿಲು ಬೀಳುತ್ತದೆ.

ಇದನ್ನು ಬರೆಯುವಾಗ ನನ್ನ ಕಣ್ಣೂ ಒದ್ದೆಯಾಯಿತು, ಖರೆ. ಮಾದೇವಿಗೇ ಓದಿ ಹೇಳಿದೆ. ಮಾದೇವಿ ಹಳ್ಳದ ಆಚೆ ತನ್ನ ಮನೆಯ ಕಟ್ಟೆಯ ಮೇಲೆ ಕೂತೇ ಉತ್ತರ ಕೊಟ್ಟಳು. "ನಾ ಯಾಕ ಬರಬೇಕ್ರಿ? ಆಕಿ ಅಂದಿದ್ದಕ್ಕ ನನಗ ಸಿಟ್ಟಿಲ್ಲ. ಅಂದಿದ್ದನ್ನ ನಾ ಆವತ್ತ ಕೇಳೇನಿ, ಆಕಿ ಬೆನ್ನಿಗೇ ಕುಂತಿದ್ದೆ. ಊರ ಮಂದಿ ನಮ್ಮಿಬ್ಬರನ್ನ ಕೂಡಿ ನೋಡಿದ್ರ ಮತ್ತ ನಗ್ತಾರ. ಆಕಿ ಹೆಸರಿಗೆ ನಾ ಯಾಕ ಮತ್ತ ನಗಿ ತರ್ಲಿ?"

ಇದು ನನಗೆ ಹೊಳೆದೇ ಇರಲಿಲ್ಲ. ಮುನಿಸು ಅಂದುಕೊಂಡು ಇಷ್ಟು ಪುಟ ಬರೆದಿದ್ದೆ. ರೇವವ್ವನಿಗೆ ಹೇಳೋಣವೆಂದು ಹೊರಟರೆ ಮಾದೇವಿ ತಡೆದಳು. ತನ್ನ ಮಾತನ್ನೂ ಆ ಕಡೆ ದಾಟಿಸಬಾರದಂತೆ. ಫಾರ್ವರ್ಡ್ ಮಾಡುವವರು ಸಾಕಷ್ಟಿದ್ದಾರೆ ಅಂದಳು.

೭

ಇಷ್ಟರಲ್ಲಿ ಮಾದೇವಿಯ ಗಂಡ ಯಲ್ಲಪ್ಪ ಸತ್ತ. ನಾನು ಕೊಂದದ್ದಲ್ಲ, ದಯವಿಟ್ಟು ನಂಬಿ. ಕಥೆಗೆ ಅನುಕೂಲವಾಗುತ್ತದೆಂದು ಮನುಷ್ಯರನ್ನು ಕೊಲ್ಲುವವನಲ್ಲ ನಾನು. ಬಹಳ ದಿನದಿಂದ ದಮ್ಮಿನ ಜಡ್ಡಿತ್ತು, ಮುಂಜಾನೆ ಚಹಾ ಕುಡಿದು ಗೋಡೆಗೆ ಆತುಕೊಂಡವನು ಏಳಲಿಲ್ಲ.

ಆದರೂ ನನ್ನ ಕೈ ಚುರುಕಾದದ್ದು ನಿಜ. ರೇವವ್ವನ ಮುಂದೆ ಹೋಗಿ ನಿಂತೆ. ನೀನು ಹೋಗಲೇಬೇಕು, ಹೋಗಿ ಹಾಡಿಕೊಂಡು ಅಳಬೇಕು, ಆಗಲೇ ಇದೆಲ್ಲ ಒಂದು ದಡ ಮುಟ್ಟುವುದು ಅಂದೆ. ಅವಳು ಮೆಣಸಿನಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಕಥಿ ದಡ ಮುಟ್ಟಲಿ ಅಂತ ನಾ ಹೆಣದ ಮನಿಗೆ ಹೋಗ್ಲೇನು? ಅತ್ತರ ಫೋನ್ ಹಿಡೀತಾರ. ಅಳದಿದ್ರ ಮಾದೇವಿಗೆ ಅನ್ಯಾಯ ಆಗತೈತಿ. ಹೊಳೆಪ್ಪ ಹೋದಾಗ ನನ್ನ ಹೆಗಲ ಹಿಡದಾಕಿ ಆಕಿ. ನಾ ಏನ್ ಮಾಡ್ಲಿ, ನೀನ ಹೇಳು, ಬರಿಯಾಂವಾ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಬರೆಯುವವರು ಮಾಡುವುದನ್ನೇ ಮಾಡಿದೆ, ಫೋನ್ ನೋಡಿದೆ. ಬ್ಯಾಟರಿ ಕಡಿಮೆಯಿತ್ತು, ಚಾರ್ಜಿಗೆ ಹಾಕಲು ಹೋದೆ. (ಈ ಕಥೆಯನ್ನು ನಾನು ಫೋನಿನಲ್ಲೇ ಒತ್ತಿ ಒತ್ತಿ ಬರೆಯುತ್ತಿದ್ದೇನೆ, ಹೇಳುವುದು ಮರೆತಿದ್ದೆ.) ತಿರುಗಿ ಬಂದರೆ ಪಡಸಾಲೆಯಲ್ಲಿ ಮೆಣಸಿನಕಾಯಿ ಮಾತ್ರ ಇದ್ದವು. ಅವಳು ನನ್ನನ್ನು ಬಿಟ್ಟು ಹಳ್ಳ ದಾಟುತ್ತಿದ್ದಳು. ವೈರು ಕಿತ್ತುಕೊಂಡು ಹಿಂದೆ ಓಡಿದೆ.

ಮಾದೇವಿಯ ಮನೆಯ ಮುಂದೆ ಮಂದಿ ತುಂಬಿತ್ತು. ಪರವೂರಿನವರೂ ಬಂದಿದ್ದರು. ರೇವವ್ವ ಬಂದದ್ದೇ ತಡ, ಗುಸುಗುಸು ಎದ್ದಿತು, ಆ ವಿಡಿಯೋದ ಅವ್ವ ಎಂದು. ಕೆಲವರ ಕೈ ಕಿಸೆಗೆ ಹೋಯಿತು. ಕೆಲವರು ಫೋನನ್ನು ಹೊರಗೆ ತೆಗೆದು ಟೈಮ್ ನೋಡುವವರಂತೆ ಹಿಡಿದರು. ಹೊಸ್ತಿಲ ಒಳಗೆ ಯಲ್ಲಪ್ಪನ ಹೆಣ, ಅದರ ಬಾಜೂಕ್ಕೆ ಮಾದೇವಿ. ರೇವವ್ವ ಒಳಗೆ ಹೋಗಿ ಎದುರಿಗೆ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರೇವವ್ವ ಬಾಯಿ ತೆರೆದಳು. ಬಾಗಿಲಲ್ಲಿ, ಕಿಟಕಿಯಲ್ಲಿ ಫೋನುಗಳು ಮೇಲೆದ್ದವು. ಬಾಯಿ ಮುಚ್ಚಿತು. ಮತ್ತೆ ತೆರೆದಳು, ದನಿ ಬರಲಿಲ್ಲ. ನನಗೆ ಹೆದರಿಕೆಯಾಯಿತು.

ಆಗ ಮಾದೇವಿ ಎದ್ದಳು. ಗಂಡನ ಹೆಣದ ಬದಿಯಿಂದ ಹೆಂಡತಿ ಏಳುವ ಪದ್ಧತಿಯಿಲ್ಲ. ಹೆಂಗಸರು ಸೆರಗು ಹಿಡಿದು ಕೂಡ್ರಿಸಲು ಹೋದರು, ಬಿಡಿಸಿಕೊಂಡಳು. ಅಡುಗೆಮನೆಯಿಂದ ರೊಟ್ಟಿ ಬುಟ್ಟಿ ತಂದಳು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬುಟ್ಟಿ ಖಾಲಿಯಿತ್ತು. ಮೊದಲು ಯಲ್ಲಪ್ಪನ ಅಂಗಿಯ ಕಿಸೆಗೆ ಕೈ ಹಾಕಿ, ಅವನ ಹಳೆಯ ಬಟನ್ ಫೋನನ್ನು ತೆಗೆದು ಬುಟ್ಟಿಗೆ ಹಾಕಿದಳು. ಮಲ್ಲಿಕಾ ತನ್ನದನ್ನು ಹಾಕಿದಳು. ಆಮೇಲೆ ಮಾದೇವಿ ಬುಟ್ಟಿಯನ್ನು ಹಿಡಿದು ಮಂದಿಯ ಮುಂದೆ ಬಂದು ನಿಂತಳು.

"ಹಾಕ್ರಿ. ನಮ್ಮ ಮನ್ಯಾಗ ಒಬ್ಬಾಕಿ ಅಳೋದೈತಿ."

ಅಷ್ಟೇ ಅಂದಳು. ದನಿ ಏರಿಸಲಿಲ್ಲ. ಮೊದಲು ಸುಭಾಸ ಮುಂದೆ ಬಂದು ತನ್ನ ಫೋನನ್ನು ಹಾಕಿದ. ಗುಡದಪ್ಪ ಕಾಕಾ ತಮ್ಮದು ಸೈಲೆಂಟ್ ಮೋಡಿನಲ್ಲಿದೆ ಎಂದು ವಾದಿಸಿ ನೋಡಿದರು. ಅವಳು ಅವರ ಮುಂದೆಯೇ ನಿಂತಳು, ಹಾಕುವವರೆಗೆ. ಬುಟ್ಟಿ ತುಂಬುತ್ತ ಬಂತು. ಒಳಗೆ ಯಾವುದೋ ಫೋನು ಗುಂಯ್ ಅಂದಿತು, ಯಾವುದೋ ಹಾಡಿತು, ಯಾರೂ ಕೈ ಹಾಕಲಿಲ್ಲ.

ಕೊನೆಗೆ ಮೂಲೆಯಲ್ಲಿ ನಿಂತು ಇದನ್ನೆಲ್ಲ ಒತ್ತುತ್ತಿದ್ದ ನನ್ನ ಕಡೆಗೆ ಬಂದಳು. ನಾನು ವಿಡಿಯೋ ಮಾಡುತ್ತಿಲ್ಲ, ಬರೆಯುತ್ತಿದ್ದೇನೆ ಎಂದು ಹೇಳಬೇಕೆಂದುಕೊಂಡೆ. ಅವಳ ಹಿಂದೆ ರೇವವ್ವ ತೆರೆದ ಬಾಯಿ ಮುಚ್ಚದೆ ನನ್ನನ್ನೇ ನೋಡುತ್ತಿದ್ದಳು. ಹಾ

೮

ಮೇಲಿನ ಸಾಲು ತುಂಡಾದದ್ದು ಅಚ್ಚಿನ ತಪ್ಪಲ್ಲ. ಅಲ್ಲಿ ನನ್ನ ಫೋನು ಬುಟ್ಟಿಗೆ ಬಿತ್ತು.

ಇದನ್ನು ಆಮೇಲೆ ಬರೆಯುತ್ತಿದ್ದೇನೆ. ರೇವವ್ವ ಅತ್ತಳೇ? ಅತ್ತಳು. ಆ ಓಣಿಯ ನಾಯಿಗಳೂ ಸುಮ್ಮನೆ ಕೂತು ಕೇಳುವಂತೆ ಹಾಡಿಕೊಂಡು ಅತ್ತಳು. ಮಾದೇವಿ ಬುಟ್ಟಿಯನ್ನು ಬಾಗಿಲಲ್ಲಿಟ್ಟು ಹೋಗಿ ಅವಳ ಬೆನ್ನಿಗೆ ಕೂತು ಹೆಗಲು ಹಿಡಿದಳು, ಸತ್ತದ್ದು ಯಾರ ಗಂಡ ಎಂಬುದೇ ಮರೆತವಳ ಹಾಗೆ. ರೇವವ್ವನ ಮೊದಲ ಸೊಲ್ಲು ಶುರುವಾದದ್ದು ಯಲ್ಲಪ್ಪನ ಹೆಸರಿನಿಂದ ಅಲ್ಲ. ಇಷ್ಟು ಹೇಳಿದ್ದೇ ಹೆಚ್ಚಾಯಿತು. ಉಳಿದದ್ದನ್ನೂ ನಾನು ಕೇಳಿದೆ, ಮೊದಲ ಸಲ ಪೂರ್ತಿ ಕೇಳಿದೆ, ನಡುವೆ ಒಮ್ಮೆಯೂ ಕೈ ಕಿಸೆಗೆ ಹೋಗಲಿಲ್ಲ. ಸಂಜೆ ಎಲ್ಲರೂ ಮಣ್ಣು ಕೊಟ್ಟು ಬಂದೆವು, ಕೈಕಾಲು ತೊಳೆದೆವು.

ಸಂಪಾದಕರು ಮುಕ್ತಾಯ ಎಲ್ಲಿ ಎಂದು ಮೆಸೇಜು ಮಾಡಿದ್ದಾರೆ. ಮರುದಿನ ಇಬ್ಬರೂ ಪಡಸಾಲೆಯಲ್ಲಿ ಕೂಡಿ ಕೂತರೇ, ಊರು ನಕ್ಕಿತೇ, ಆ ರೀಲು ಇನ್ನೂ ಯಾವ ಬಸ್ಸಿನಲ್ಲಿ ಅಳುತ್ತಿದೆ, ಗುಡದಪ್ಪ ಕಾಕಾ ಕೊನೆಗೂ ನೋಡಿದರೇ? ಗೊತ್ತಿರುವುದನ್ನು ಹೇಳುವ ಹಾಗಿಲ್ಲ, ಹೇಳಬಹುದಾದದ್ದು ಗೊತ್ತಿಲ್ಲ. ಆ ಸಾಲಿಗಾಗಿ ಇಲ್ಲಿಯವರೆಗೆ ಓದಿದವರು ನಿಮ್ಮಲ್ಲಿ ಇದ್ದಾರೆ, ನನಗೆ ಗೊತ್ತು. ನಾನು ಇಟ್ಟುಕೊಳ್ಳಿ ಅಂದಿದ್ದ ಬೇಸರ ಇನ್ನೂ ಇದೆಯಲ್ಲ? ಅದು ನಿಮ್ಮ ಪಾಲಿನ ಹಿಡಿಮಣ್ಣು. ಹಾಕಿಬಿಡಿ.

ಇನ್ನು, ಇದನ್ನು ಫೋನಿನಲ್ಲಿ ಓದುತ್ತಿರುವವರಿಗೆ. ಚಂದ ಇದೆ ಎಂದು ಯಾರಿಗಾದರೂ ಕಳಿಸಲು ನಿಮ್ಮ ಬೆರಳು ಆಗಲೇ ಮೇಲೆದ್ದಿರಬಹುದು. ಒಳ್ಳೆಯ ಮನಸ್ಸಿನಿಂದಲೇ ಎದ್ದಿದೆ, ಅನುಮಾನವಿಲ್ಲ. ಒಮ್ಮೆ ತಲೆ ಎತ್ತಿ ನೋಡಿ. ಮಾದೇವಿ ಬುಟ್ಟಿ ಹಿಡಿದು ನಿಮ್ಮ ಮುಂದೆ ನಿಂತಿದ್ದಾಳೆ. ಬುಟ್ಟಿ ಭಾರವಾಗಿದೆ, ಕೈ ಸೋತಿದೆ, ಒಳಗೆ ಗಂಡನ ಹೆಣವಿದೆ.

ಲಗೂನ ಹಾಕ್ರಿ. ಅವಳಿಗೂ ಅಳುವುದಿದೆ.